ಕವಳಿ ಕಾಯಿಯ ಅಂಟನ್ನು ಕಣ್ಣಾರೆ ನೋಡುವುದು ಹೇಗೆ?

ಏಪ್ರಿಲ್ ಬಂತೆಂದರೆ ಶಿರಸಿ ಸುತ್ತಿನ ಬೆಟ್ಟ, ಬೇಣಗಳಲ್ಲಿ ಕವಳಿ ಮಟ್ಟಿಯ ತುಂಬ ಕಾಯಿ. ಎಳೆಯದು ಉಪ್ಪಿನಕಾಯಿಗೆ, ಕಪ್ಪಗೆ ಹಣ್ಣಾದದ್ದು ಮಕ್ಕಳ ಬಾಯಿಗೆ. ಮುಳ್ಳು ಚುಚ್ಚಿಸಿಕೊಂಡು ಕೊಯ್ದವರಿಗೆ ಅದರ ಬಿಳಿ ಹಾಲಿನ ಅಂಟು ಗೊತ್ತೇ ಇರುತ್ತದೆ. ನಾನು ಹೇಳಹೊರಟಿದ್ದು ಇನ್ನೊಂದು ಅಂಟಿನ ವಿಷಯ. ಕಾಯಿ ಬೇಯಿಸಿದಾಗ ನೀರಿಗೆ ಇಳಿಯುವ ಪೆಕ್ಟಿನ್. ಔಷಧಿ ಹಣ್ಣಿನ ಪೊಟ್ಟಣಗಳ ಮೇಲೆ ‘ಪಾಲಿಸ್ಯಾಕರೈಡ್’, ‘ಇಮ್ಯುನಿಟಿ’ ಅಂತ ದಪ್ಪಕ್ಷರದಲ್ಲಿ ಇರುತ್ತದಲ್ವಾ? ಪಾಲಿಸ್ಯಾಕರೈಡ್ ಅಂದರೆ ಸಕ್ಕರೆಯ ಘಟಕಗಳು ಸರವಾಗಿ ಸೇರಿದ ಉದ್ದನೆ ಎಳೆ. ಪೆಕ್ಟಿನ್ ಆ ಬಳಗದ್ದೇ. ಅದನ್ನು ಅಡುಗೆಮನೆಯಲ್ಲೇ ಹಿಡಿದು ನೋಡಬಹುದು.

ಬಲಿತ, ಆದರೆ ಹಣ್ಣಾಗದ ಕವಳಿ ಕಾಯಿ ಒಂದು ಲೋಟ ತೆಗೆದುಕೊಳ್ಳಿ. ಹಣ್ಣು ಬೇಡ. ಕಾಯಿ ಹಣ್ಣಾಗುವಾಗ ಅದರೊಳಗಿನ ಕಿಣ್ವಗಳು ಪೆಕ್ಟಿನ್ನನ್ನು ಕತ್ತರಿಸುತ್ತವೆ. ಹಣ್ಣು ಮೆತ್ತಗಾಗುವುದಕ್ಕೆ ಅದೂ ಒಂದು ಕಾರಣ. ಕಾಯಿ ಸೀಳಿ, ಹಾಲು ಹೋಗುವ ಹಾಗೆ ತೊಳೆದು, ಮುಳುಗುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ 20 ನಿಮಿಷ ಬೇಯಿಸಿ. ತೆಳು ಬಟ್ಟೆಯಲ್ಲಿ ಸೋಸಿ. ಹಿಂಡಬೇಡಿ, ತಿರುಳು ಬಂದು ರಸ ಕದಡುತ್ತದೆ. ಪೂರ್ತಿ ತಣಿಯಲಿ.

ಈಗ ಒಲೆ ಆರಿಸಿದ್ದೀರಾ ನೋಡಿಕೊಳ್ಳಿ. ಇನ್ನು ಬೇಕಾದದ್ದು ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್, ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ. ಗಾಜಿನ ಲೋಟಕ್ಕೆ ಒಂದು ಚಮಚ ರಸ ಹಾಕಿ, ಅಂಚಿನಿಂದ ಮೂರು ಚಮಚ ಸ್ಪಿರಿಟ್ ಇಳಿಸಿ. ಕಲಕದೆ, ಲೋಟವನ್ನು ಮೆಲ್ಲಗೆ ವಾಲಿಸಿ ಒಂದೆರಡು ನಿಮಿಷ ಬಿಡಿ. ರಸದಲ್ಲಿ ಮೋಡದಂತೆ ಏನೋ ಕೂಡಿಕೊಂಡು ಲೋಳೆಯ ಮುದ್ದೆ ಆಗುತ್ತದೆ. ಫೋರ್ಕಿನಲ್ಲಿ ಎತ್ತಿದರೆ ಜೋತಾಡುತ್ತದೆ. ಪೆಕ್ಟಿನ್ ಕಡಿಮೆ ಇರುವ ರಸದಲ್ಲಿ ಬರೀ ಚೂರುಚೂರು ಕಾಣುತ್ತದೆ. ನೋಡಿ ಚೆಲ್ಲಿಬಿಡಿ, ನಾಲಿಗೆಗೆ ತಾಗಿಸಬೇಡಿ. ಸ್ಪಿರಿಟ್ ಇಲ್ಲವೆಂದು ನಾನೊಮ್ಮೆ ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ ಹಾಕಿ ಕೆಟ್ಟೆ. ಆ ಜೆಲ್ಲೇ ಅಂಟು, ಯಾವುದು ಯಾರದ್ದು ಅಂತ ತಿಳಿಯಲಿಲ್ಲ.

ಆದದ್ದು ಇಷ್ಟೇ. ಪೆಕ್ಟಿನ್ನಿನ ಉದ್ದನೆ ಎಳೆಗಳು ನೀರನ್ನು ಹೊದ್ದುಕೊಂಡು ಬಿಡಿಬಿಡಿಯಾಗಿ ತೇಲುತ್ತಿದ್ದವು. ಸ್ಪಿರಿಟ್ ಆ ನೀರನ್ನು ಕಿತ್ತುಕೊಂಡಿತು. ಎಳೆಗಳು ಒಂದಕ್ಕೊಂದು ಅಂಟಿಕೊಂಡವು. ಚೀನಾದವರು ಔಷಧಿಗೆ ಬಳಸುವ ಗೋಜಿ ಬೆರ್ರಿಯಂಥ ಹಣ್ಣಿನ ಪಾಲಿಸ್ಯಾಕರೈಡ್ ತೆಗೆಯುವಾಗ ಪ್ರಯೋಗಾಲಯದಲ್ಲೂ ಶುರು ಹೀಗೇ: ಬಿಸಿನೀರು, ಆಮೇಲೆ ಆಲ್ಕೋಹಾಲ್. ಅಲ್ಲಿ ಮುಂದೆ ಪ್ರೋಟೀನ್ ತೆಗೆದು, ಗಾತ್ರ ಮತ್ತು ವಿದ್ಯುದಂಶದ ಮೇಲೆ ಎಳೆಗಳನ್ನು ಬೇರೆ ಮಾಡಿ, ಆಮ್ಲದಲ್ಲಿ ಮುರಿದು ಯಾವ ಸಕ್ಕರೆ ಎಷ್ಟಿದೆ ಅಂತ ಎಣಿಸುತ್ತಾರೆ.

ರಚನೆ ತಿಳಿಯಲು ನಮ್ಮ ತೋಟಕ್ಕೇ ಹೋಗೋಣ. ಪೆಕ್ಟಿನ್ನಿನ ಒಂದು ಭಾಗ ಅಡಿಕೆ ಮರದ ಹಾಗೆ ನೆಟ್ಟಗೆ, ನುಣ್ಣಗೆ. ಗ್ಯಾಲಕ್ಟುರೋನಿಕ್ ಆಮ್ಲ ಎಂಬ ಒಂದೇ ಘಟಕ ಸಾಲಾಗಿ ಕೂತಿರುತ್ತದೆ. ಇನ್ನೊಂದು ಭಾಗದಲ್ಲಿ ನಡುನಡುವೆ ರ‍್ಯಾಮ್ನೋಸ್ ಸೇರಿಕೊಂಡು, ಅಲ್ಲಿಂದ ಅರಾಬಿನೋಸ್, ಗ್ಯಾಲಕ್ಟೋಸ್ ಎಂಬ ಬೇರೆ ಸಕ್ಕರೆಗಳ ಸರಗಳು ಕವಲೊಡೆಯುತ್ತವೆ, ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿದ ಹಾಗೆ. ವ್ಯತ್ಯಾಸ ಇಷ್ಟೇ, ಈ ಬಳ್ಳಿ ಮರದ ಮೈಯಿಂದಲೇ ಹುಟ್ಟಿದ್ದು. ಸಂಶೋಧಕರಿಗೆ ಆಸೆ ಜಾಸ್ತಿ ಈ ಕವಲಿನ ಭಾಗದ ಮೇಲೆ. ಎಷ್ಟು ಕವಲು, ಎಷ್ಟು ಉದ್ದ ಎಂಬುದರ ಮೇಲೆ ರೋಗನಿರೋಧಕ ಜೀವಕಣಗಳ ಪ್ರತಿಕ್ರಿಯೆ ಬದಲಾಗುತ್ತದೆ. ಪೆಕ್ಟಿನ್ನಿಗೆ ಆ ಹೆಸರು ಕೊಟ್ಟದ್ದು ಫ್ರಾನ್ಸಿನ ಆನ್ರಿ ಬ್ರಾಕೊನೊ, 1825ರಲ್ಲಿ. ಹೆಪ್ಪುಗಟ್ಟುವುದು ಎಂಬ ಅರ್ಥದ ಗ್ರೀಕ್ ಪದದಿಂದ.

ಹಾಗಾದರೆ ತಿಂದರೆ ಇಮ್ಯುನಿಟಿ ಬರುತ್ತದಾ? ಇಲ್ಲಿ ಸ್ವಲ್ಪ ನಿಧಾನಿಸಿ.

ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮ್ಯಾಕ್ರೋಫೇಜ್ ಎಂಬ, ರೋಗಾಣು ನುಂಗುವ ಜೀವಕಣಗಳಿಗೆ ಇಂಥ ಎಳೆಗಳನ್ನು ಹಾಕಿದರೆ ಅವು ಚುರುಕಾಗಿ, ಸೈಟೊಕೈನ್ ಎಂಬ ಸಂದೇಶದ ಪ್ರೋಟೀನ್‌ಗಳನ್ನು ಬಿಡುವುದುಂಟು. ಎಷ್ಟೋ ಸಲ ಎಳೆ ತಟ್ಟುವ ಬಾಗಿಲು ಟಿಎಲ್‌ಆರ್-4 ಎಂಬ, ಕಣದ ಮೈಮೇಲಿನ ಗ್ರಾಹಕ (ರಿಸೆಪ್ಟರ್). ಕೆಲವು ಬ್ಯಾಕ್ಟೀರಿಯಾಗಳ ಹೊರಪದರದಲ್ಲಿರುವ ಎಂಡೊಟಾಕ್ಸಿನ್ ಎಂಬ ವಿಷ ತಟ್ಟುವುದೂ ಅದೇ ಬಾಗಿಲನ್ನು! ಹಣ್ಣಿನ ಸಾರದಲ್ಲಿ ಆ ವಿಷ ಕಣ್ಣಿಗೆ ಕಾಣದಷ್ಟು ಉಳಿದಿದ್ದರೂ ಸಾಕು, ಕೀರ್ತಿ ಹಣ್ಣಿಗೆ ಹೋಗಿಬಿಡುತ್ತದೆ. ಹಾಗಾಗಿ ಯಾರಾದರೂ ಅಧ್ಯಯನ ತೋರಿಸಿದರೆ ನಾನು ಮೊದಲು ಹುಡುಕುವುದು ಎಂಡೊಟಾಕ್ಸಿನ್ ಇಲ್ಲವೆಂದು ಪರೀಕ್ಷಿಸಿದ್ದಾರಾ ಅಂತ.

ಎರಡನೆಯದು ದಾರಿಯ ಪ್ರಶ್ನೆ. ನಾವು ತಿಂದದ್ದು ನೇರ ರಕ್ತಕ್ಕೆ ಹೋಗುವುದಿಲ್ಲ. ಪೆಕ್ಟಿನ್ ಜೀರ್ಣಿಸುವ ಕಿಣ್ವವೇ ನಮ್ಮಲ್ಲಿಲ್ಲ. ಅದು ಹೆಚ್ಚುಕಡಿಮೆ ಹಾಗೇ ದೊಡ್ಡ ಕರುಳು ತಲುಪುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಅಸಿಟೇಟ್, ಬ್ಯುಟಿರೇಟ್‌ನಂಥ ಸಣ್ಣ ಆಮ್ಲಗಳನ್ನು ಮಾಡುತ್ತವೆ. ಬ್ಯುಟಿರೇಟ್ ಕರುಳಿನ ಗೋಡೆಯ ಕಣಗಳಿಗೆ ಊಟ, ಉರಿಯೂತಕ್ಕೆ ಸ್ವಲ್ಪ ಲಗಾಮು. ಅಂದರೆ ತಟ್ಟೆಯಲ್ಲಿ ಕಣವನ್ನು ಕೆರಳಿಸಿದ್ದು ಹೊಟ್ಟೆಯಲ್ಲಿ ಸಮಾಧಾನ ಮಾಡುವ ಕೆಲಸಕ್ಕೂ ಬರಬಹುದು. ‘ಬೂಸ್ಟರ್’ ಎಂಬ ಪದ ನನಗೆ ಹಿಡಿಸದಿರುವುದು ಇದಕ್ಕೇ.

ಪುಡಿ, ಸಾರ ಕೊಳ್ಳುವವರಿಗೆ ಒಂದು ಮಾತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಗೋಜಿ ಸೇವಿಸಿ ರಕ್ತ ಹೆಪ್ಪುಗಟ್ಟುವುದು ತೀರಾ ನಿಧಾನವಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಂಗ ಕಸಿ ಮಾಡಿಸಿಕೊಂಡವರೂ ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಸ್ಪಿರಿಟ್ ಬೀಳದ ರಸ ಪಾತ್ರೆಯಲ್ಲಿ ಉಳಿದಿದೆಯಲ್ಲ, ಚೆಲ್ಲಬೇಡಿ. ರಸದಷ್ಟೇ ಸಕ್ಕರೆ ಹಾಕಿ ಕುದಿಸಿ. ತಣ್ಣನೆ ತಟ್ಟೆಗೆ ಒಂದು ಹನಿ ಬಿಟ್ಟು ಬೆರಳಲ್ಲಿ ದೂಡಿ, ಸುಕ್ಕುಗಟ್ಟಿದರೆ ಇಳಿಸಿಬಿಡಿ. ಕವಳಿಯ ಹುಳಿ ಇರುವುದರಿಂದ ನಿಂಬೆ ಬೇಕಿಲ್ಲ. ನಮ್ಮನೆಯಲ್ಲಿ ಈ ಜೆಲ್ಲಿ ತೆಳ್ಳೇವಿನ ಜೊತೆ ಎರಡೇ ದಿನಕ್ಕೆ ಖಾಲಿ.