ಚಾಕು ಮಸೆಯುವ ಕಲ್ಲು: ಶುರುವಿಗೆ ಒಂದೇ ಸಾಕು

ಕೈಯಲ್ಲೇ ಚಾಕು ಮಸೆಯಲು ಕಲಿಯಬೇಕು ಅಂತಿರುವವರು ಕಲ್ಲುಗಳ ದೊಡ್ಡ ಸೆಟ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಅಡುಗೆಮನೆ ಚಾಕುವಿಗೆ 1000 ಗ್ರಿಟ್ಟಿನ ವಾಟರ್ ಸ್ಟೋನ್, ಅಂದರೆ ನೀರು ಹಾಕಿ ಮಸೆಯುವ ಕಲ್ಲು, ಸಾಕು. ಗ್ರಿಟ್ ಅಂದರೆ ಕಲ್ಲು ಎಷ್ಟು ಒರಟು ಅನ್ನುವ ಅಂಕಿ; ಅಂಕಿ ಹೆಚ್ಚಿದಷ್ಟೂ ಕಲ್ಲು ನುಣುಪು. ಅಲಗು ಮುಕ್ಕಾಗಿದ್ದರೆ ಮಾತ್ರ 400 ಬೇಕು. ಒಂದು ಮಗ್ಗುಲು 400, ಇನ್ನೊಂದು 1000 ಇರುವ ಕಲ್ಲು ಸಿಕ್ಕರೆ ಎರಡೂ ಕೆಲಸ ಆಯಿತು. 6000, 8000 ಎಲ್ಲ ಆಮೇಲೆ. ಟೊಮೆಟೊ ಸಿಪ್ಪೆಗೆ ತೀರಾ ನುಣುಪಾದ ಅಂಚಿಗಿಂತ 1000ದ ಅಂಚೇ ಚೆನ್ನಾಗಿ ಕಚ್ಚುತ್ತದೆ. ವಾಟರ್ ಸ್ಟೋನಿಗೆ ಎಣ್ಣೆ ಮಾತ್ರ ಹಾಕಬೇಡಿ.

ಬಳಸುತ್ತಾ ಬಳಸುತ್ತಾ ಕಲ್ಲಿನ ನಡುವೆ ಗುಳಿ ಬೀಳುತ್ತದೆ. ಆಗ ಎಷ್ಟು ಜೋಪಾನವಾಗಿ ಹಿಡಿದರೂ ಕೋನ ಒಂದೇ ಸಮ ನಿಲ್ಲುವುದಿಲ್ಲ. ಕಲ್ಲನ್ನು ಮತ್ತೆ ಸಮತಟ್ಟು ಮಾಡಲು ದುಬಾರಿ ಪ್ಲೇಟ್ ಯಾಕೆ? ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳ ಕಡೆ ಹೋದಾಗ 220 ಗ್ರಿಟ್ಟಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ತನ್ನಿ. ಮನೆ ಕಟ್ಟಿದಾಗ ಉಳಿದ ಗ್ರಾನೈಟ್ ತುಂಡು ಎಲ್ಲಾದರೂ ಬಿದ್ದಿರುತ್ತದೆ ಅಲ್ವಾ, ಅದರ ಮೇಲೆ ಹಾಸಿ. ಕಲ್ಲಿಗೆ ಪೆನ್ಸಿಲ್ ಗೆರೆ ಎಳೆದು, ನೀರು ಹಾಕಿ, ಎಲ್ಲ ಗೆರೆಗಳೂ ಅಳಿಯುವ ತನಕ ಉಜ್ಜಿ.

ಚಾಕುವನ್ನು ಒಂದೇ ಕೋನದಲ್ಲಿ ಹಿಡಿದಿಡುವ ಆಂಗಲ್ ಗೈಡ್ ನನ್ನ ಪ್ರಕಾರ ದಂಡ. ಅಂಚಿಗೆ ಮಾರ್ಕರ್ ಬಳಿದು ಎರಡು ಸಲ ಮಸೆಯಿರಿ. ಮಸಿ ಅಂಚಿನ ತುದಿಯಲ್ಲೇ ಉಳಿದಿದ್ದರೆ ಚಾಕುವಿನ ಬೆನ್ನು ಸ್ವಲ್ಪ ಎತ್ತಿ. ಕಲ್ಲು ಜಾರದಂತೆ ಅಡಿಗೆ ಒದ್ದೆ ಬಟ್ಟೆ ಇಡಿ. ಕೊನೆಗೆ ತೀಡಲು ಹಳೆಯ ತೊಗಲಿನ ಬೆಲ್ಟ್ ಆಗುತ್ತದೆ, ರೆಕ್ಸಿನ್ ಬೇಡ.