ಲಾವಂಚದ ಎಣ್ಣೆ: ಕೊನೆಯ ಹತ್ತು ಗಂಟೆಗಳ ಫಲ

ಲಾವಂಚದ ಬೇರನ್ನು ಹತ್ತು ಗಂಟೆಗಿಂತ ಹೆಚ್ಚು ಹೊತ್ತು ಭಟ್ಟಿಯಲ್ಲಿಟ್ಟರೆ ಕಟ್ಟಿಗೆ ದಂಡವೇ ಹೊರತು ಎಣ್ಣೆ ಹೆಚ್ಚುವುದಿಲ್ಲವೆಂದು ಹೊನ್ನಾವರದ ಕಡೆಯ ಅನುಭವಸ್ಥರು ನನಗೆ ಹಲವು ಸಲ ಹೇಳಿದ್ದರು. ಈಗ ನಾನು ಇಪ್ಪತ್ತು ಗಂಟೆ ಮೀರಿ ಹಬೆ ಹಾಯಿಸುತ್ತೇನೆ. ನನ್ನ ಸುಗಂಧಗಳು ಮರುದಿನ ಬೆಳಿಗ್ಗೆಯೂ ಮೈಮೇಲೆ ಉಳಿದಿರುವುದು ಆ ಕೊನೆಯ ಗಂಟೆಗಳಲ್ಲಿ ಇಳಿಯುವ ದಪ್ಪ ಎಣ್ಣೆಯಿಂದಲೇ.

ಕೃತಕ ಪರಿಮಳವನ್ನು ಮುಟ್ಟದೆ ಸುಗಂಧ ಮಾಡುವವರಿಗೆ ತಳದಲ್ಲಿ ನಿಲ್ಲುವ, ಅಂದರೆ ಬೇಗ ಆರಿಹೋಗದೆ ಕೊನೆಯವರೆಗೆ ಉಳಿಯುವ ಒಂದು ಎಣ್ಣೆ ಬೇಕೇ ಬೇಕು. ಶ್ರೀಗಂಧದ ಎಣ್ಣೆ ಕೆ.ಜಿ.ಗೆ ಲಕ್ಷ ರೂಪಾಯಿ ದಾಟಿದ ಮೇಲೆ ನನ್ನಂಥವರಿಗೆ ಲಾವಂಚವೇ ಗತಿಯಾಯಿತು. ಮೊದಲು ಹೊರಗಿನಿಂದಲೇ ತರಿಸುತ್ತಿದ್ದೆ. ಒಬ್ಬ ವ್ಯಾಪಾರಿ ದಕ್ಷಿಣದ ಬೇರಿನ ಶುದ್ಧ ಎಣ್ಣೆಯೆಂದು ಕಳುಹಿಸಿದ ಸರಕು ಕಾಗದದ ಪಟ್ಟಿಯ ಮೇಲೆ ಎರಡು ಗಂಟೆ ಚೆನ್ನಾಗಿಯೇ ಇದ್ದು, ಆಮೇಲೆ ಕೊನ್ನಾರಿಗಡ್ಡೆಯ ವಾಸನೆಗೆ ತಿರುಗಿತು. ದಕ್ಷಿಣ ಭಾರತದ ಲಾವಂಚದ ಎಣ್ಣೆ ಧ್ರುವೀಕೃತ ಬೆಳಕನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಮಾಡಿದ ಬೆಳಕು) ಬಲಕ್ಕೆ ತಿರುಗಿಸಿದರೆ ಉತ್ತರ ಭಾರತದ ಕಾಡು ಬೇರಿನದು ಎಡಕ್ಕೆ ತಿರುಗಿಸುತ್ತದೆ. ಪರೀಕ್ಷೆ ಮಾಡಿಸಿದಾಗ ಈ ಎಣ್ಣೆ ಎಡಕ್ಕೇ ತಿರುಗಿಸಿತು. ಸುಮಾರು ನಲವತ್ತು ಸಾವಿರ ರೂಪಾಯಿ ಹೀಗೆ ಹೋದ ಮೇಲೆ ಸ್ವಂತ ಭಟ್ಟಿ ಹೂಡುವುದೆಂದು ನಿಶ್ಚಯಿಸಿದೆ.

ಕರಾವಳಿಯ ಮರಳು ನೆಲದ ಬೇರು ಉದ್ದವಾಗಿ, ತುಂಡಾಗದೆ, ಹೆಚ್ಚು ಮಣ್ಣಿಲ್ಲದೆ ಕೈಗೆ ಬರುತ್ತದೆ. ನಾನು ಹದಿನೆಂಟು ತಿಂಗಳು ಬಲಿತ ಬೇರನ್ನಷ್ಟೇ ಕೊಳ್ಳುತ್ತೇನೆ. ವರ್ಷ ತುಂಬುವ ಮೊದಲೇ ಕಿತ್ತ ಬೇರಿನ ಎಣ್ಣೆಯಲ್ಲಿ ಹಸಿ ಘಾಟೇ ಮುಂದಾಗಿರುತ್ತದೆ. ಬೇರನ್ನು ಪುಡಿಯಂತೆ ಸಣ್ಣಗೆ ಕತ್ತರಿಸಿದರೆ ಎಣ್ಣೆ ಬೇಗ ಬಿಡುತ್ತದೆಂಬ ಮಾತನ್ನು ಪರೀಕ್ಷಿಸಿ ನೋಡಿದೆ. ಅದು ಒದ್ದೆಯಾಗಿ ಗಟ್ಟಿಕಟ್ಟಿತು, ಹಬೆ ಒಂದೇ ಕಡೆ ದಾರಿ ಮಾಡಿಕೊಂಡು ಹೊರಬಿತ್ತು, ಉಳಿದ ಬೇರು ಹಾಗೆಯೇ ಉಳಿಯಿತು. ಎರಡು ಅಂಗುಲದ ತುಂಡುಗಳನ್ನು ರಾತ್ರಿಯಿಡೀ ನೆನೆಸಿ ಸಡಿಲವಾಗಿ ತುಂಬುವುದೇ ಸರಿಯೆಂದು ಆಮೇಲೆ ಕಂಡುಕೊಂಡೆ. ನೆನೆಸುವ ನೀರಿಗೆ ನಾನು ಸೇರಿಸುವ ಒಂದು ವಸ್ತುವನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ನಿಜವಾದ ಕಷ್ಟ ಎಣ್ಣೆಯನ್ನು ನೀರಿನಿಂದ ಬೇರ್ಪಡಿಸುವುದರಲ್ಲಿತ್ತು. ಈ ಎಣ್ಣೆಯ ಸಾಂದ್ರತೆ ನೀರಿನದಕ್ಕೆ ಬಹಳ ಹತ್ತಿರವಾದ್ದರಿಂದ ಸ್ವಲ್ಪ ತೇಲುತ್ತದೆ, ಸ್ವಲ್ಪ ಮುಳುಗುತ್ತದೆ, ಬಹುಪಾಲು ಹಾಲಿನಂತೆ ಕಲಸಿಕೊಂಡು ನೀರಿನೊಡನೆ ಹರಿದುಹೋಗುತ್ತದೆ. ಐವತ್ತು ಕೆ.ಜಿ. ಒಣ ಬೇರಿಗೆ ಮೊದಮೊದಲು ನೂರೈವತ್ತು ಗ್ರಾಂ ಸಿಕ್ಕಿದರೆ ಹೆಚ್ಚು ಎನ್ನುವಂತಿತ್ತು. ಹಬೆಯನ್ನು ನೀರಾಗಿಸುವ ಕಂಡೆನ್ಸರನ್ನು ತೀರಾ ತಣ್ಣಗಿಡದೆ, ಇಳಿಯುವ ನೀರು ಬೆಚ್ಚಗೇ ಇರುವಂತೆ ನೋಡಿಕೊಂಡು, ಒಂದರ ಬದಲು ಎರಡು ಪಾತ್ರೆಗಳಲ್ಲಿ ಅದನ್ನು ನಿಧಾನವಾಗಿ ನಿಲ್ಲಿಸಿ, ಎಣ್ಣೆ ತೆಗೆದ ನೀರನ್ನು ಚೆಲ್ಲದೆ ಮತ್ತೆ ಭಟ್ಟಿಗೇ ಸುರಿಯತೊಡಗಿದ ಮೇಲೆ ಇಳುವರಿ ಮುನ್ನೂರೈವತ್ತು ಗ್ರಾಂ ದಾಟಿತು. ಈ ಭಾಗದಲ್ಲಿ ಇಷ್ಟೇ ಸಣ್ಣ ಭಟ್ಟಿಯಿಂದ ಇಷ್ಟು ತೆಗೆದವರನ್ನು ನಾನು ಕಂಡಿಲ್ಲ.

ಮೊದಲ ಎಂಟು ಗಂಟೆಗಳ ಎಣ್ಣೆಯನ್ನೂ ಅನಂತರದ್ದನ್ನೂ ಬೇರೆ ಬೇರೆ ಶೀಶೆಗಳಲ್ಲಿ ಇಡುತ್ತೇನೆ. ಮೊದಲನೆಯದು ತೆಳು, ಹಸಿ ಮಣ್ಣಿನ ವಾಸನೆಯದು. ಎರಡನೆಯದು ಜೇನಿನಷ್ಟು ಮಂದ. ಅದರಲ್ಲಿ ಮರದ ಗಂಧವಿದೆ, ತುಸು ಸಿಹಿಯೂ ಇದೆ. ಇವೆರಡನ್ನೂ ಯಾವ ಪ್ರಮಾಣದಲ್ಲಿ ಕೂಡಿಸಬೇಕೆಂಬುದನ್ನು ಪ್ರತಿಯೊಬ್ಬರೂ ತಮ್ಮ ಮೂಗಿನಿಂದಲೇ ಕಂಡುಕೊಳ್ಳಲಿ. ಕೂಡಿಸಿದ ಮೇಲೆ ಆರು ತಿಂಗಳಾದರೂ ಮುಟ್ಟಬಾರದು. ಕೆಲವು ಗಿರಾಕಿಗಳು ಉತ್ತರ ಪ್ರದೇಶದ ಕನ್ನೌಜಿನ ಲಾವಂಚದ ಎಣ್ಣೆಯಾದ ರೂಹ್ ಖಸ್‌ನಂತೆ ಹಸಿರು ಬಣ್ಣ ಬೇಕೆನ್ನುತ್ತಾರೆ. ಆ ಹಸಿರು ತಾಮ್ರದ ಪಾತ್ರೆಯಿಂದ ಬರುವುದು. ನನ್ನದು ಸ್ಟೀಲ್ ಭಟ್ಟಿಯಾದ್ದರಿಂದ ಎಣ್ಣೆ ಕಂದು ಬಣ್ಣದ್ದೇ ಆಗಿರುತ್ತದೆ.

ಇದರ ನಡುವೆ ಶಂಕರಪುರದ ಮಲ್ಲಿಗೆಯನ್ನೂ ಹಿಡಿಯಲು ನೋಡಿದೆ. ಹಬೆಗೆ ಮಲ್ಲಿಗೆ ಬೆಂದು ಕೆಡುತ್ತದೆ. ಆದರೆ ಕಿತ್ತ ಮೇಲೂ ಪರಿಮಳ ಬಿಡುತ್ತಲೇ ಇರುವುದರಿಂದ ಅದನ್ನು ಕೊಬ್ಬಿನ ಮೇಲೆ ಹರಡಿ ಆ ಪರಿಮಳವನ್ನು ಕೊಬ್ಬಿಗೆ ಹೀರಿಸಬಹುದು. ಮುರುಗಲ (ಕೋಕಂ) ಬೀಜದ ತುಪ್ಪ ಒಂದೇ ಆದರೆ ಕಲ್ಲಿನಂತೆ ಗಟ್ಟಿ, ತೆಂಗಿನೆಣ್ಣೆ ಬೆರೆಸಿದರೆ ಅದರ ವಾಸನೆಯೇ ಮೇಲಾಗುತ್ತದೆ. ಮದುವೆಯ ಕಾಲದಲ್ಲಿ ಒಂದು ಅಟ್ಟೆಗೆ (ಕಟ್ಟಿದ ಮಲ್ಲಿಗೆಯನ್ನು ಮಾರುವ ಅಳತೆ) ಸಾವಿರ ರೂಪಾಯಿ ದಾಟುವ ಹೂವನ್ನು ದಿನವೂ ಬದಲಿಸುವ ಶಕ್ತಿ ನನಗಿಲ್ಲ. ಮಳೆಗಾಲದಲ್ಲಿ ದರ ಇಳಿದಾಗ ಹೂವಿನಲ್ಲಿ ನೀರೇ ಹೆಚ್ಚು, ಕೊಬ್ಬಿಗೆ ಬೂಷ್ಟು ಹಿಡಿಯುತ್ತದೆ. ಸದ್ಯ ಆ ಕೆಲಸವನ್ನು ನಿಲ್ಲಿಸಿದ್ದೇನೆ.

ಹಣದ ಲೆಕ್ಕ ಹೀಗಿದೆ. ಒಂದು ಭಟ್ಟಿಗೆ ಬೇರು, ಕಟ್ಟಿಗೆ, ಆಳು ಎಲ್ಲ ಸೇರಿ ಏಳು ಸಾವಿರದ ಆಸುಪಾಸು ತಗಲುತ್ತದೆ. ಎಣ್ಣೆಯನ್ನು ಸಗಟಾಗಿ ಮಾರಿದರೆ ಹಾಕಿದ ಹಣ ಹಿಂದಿರುಗಬಹುದು, ಅಷ್ಟೇ. ಅದೇ ಎಣ್ಣೆಯನ್ನು ಸುಗಂಧಕ್ಕೆ ತಳವಾಗಿಸಿ ಹತ್ತು ಮಿಲಿಲೀಟರಿನ ಶೀಶೆಗಳಲ್ಲಿ ಮಾರಿದಾಗ ಮೂರು ಪಟ್ಟಿಗೂ ಹೆಚ್ಚು ಬರುತ್ತದೆ. ಹತ್ತು ಗಂಟೆಯ ಲೆಕ್ಕ ಹೇಳಿದ್ದವರಲ್ಲಿ ಇಬ್ಬರು ಈಗ ತಮ್ಮ ಬೇರನ್ನು ನನ್ನ ಭಟ್ಟಿಗೇ ತರುತ್ತಾರೆ. ಎಣ್ಣೆಯಲ್ಲಿ ಮೂರನೆಯ ಒಂದು ಪಾಲನ್ನು ನಾನು ಕೂಲಿಯಾಗಿ ಇಟ್ಟುಕೊಳ್ಳುತ್ತೇನೆ.