ಹಳೆಯ ಕಾರಿನ ಡೋರ್ ಸ್ವಿಚ್ ಬದಲಿಸುವುದು ಹೇಗೆ

ಹಳೆಯ ಕಾರಿನ ಬಾಗಿಲು ತೆರೆದರೆ, ಕೀಲು ಕೂತಿರುವ ಕಂಬದ ಮೇಲೆ ಬೆರಳಿಗಿಂತ ಸಣ್ಣದೊಂದು ಪಿನ್ ಹೊರಚಾಚಿರುವುದು ಕಾಣುತ್ತದೆ. ಬಾಗಿಲು ಮುಚ್ಚಿದಾಗ ಈ ಪಿನ್ ಒಳಗೆ ಒತ್ತಿಕೊಂಡು ಸಂಪರ್ಕ ತಪ್ಪುತ್ತದೆ, ಒಳದೀಪ ಆರುತ್ತದೆ. ತೆರೆದಾಗ ಸ್ಪ್ರಿಂಗ್ ಪಿನ್ನನ್ನು ಹೊರಗೆ ತಳ್ಳುತ್ತದೆ, ವೈರಿಗೆ ಕಾರಿನ ಮೈಯ ಅರ್ಥಿಂಗ್ (ಬ್ಯಾಟರಿಯ ಒಂದು ತುದಿಗೆ ಜೋಡಿಸಿರುವ ಲೋಹದ ಮೈಯ ಸಂಪರ್ಕ) ಸಿಕ್ಕಿ ದೀಪ ಹತ್ತುತ್ತದೆ. ಇದಕ್ಕಿಂತ ಸರಳವಾದ ಭಾಗ ಕಾರಿನಲ್ಲಿ ಇನ್ನೊಂದಿಲ್ಲ. ಹೊಸ ಸ್ವಿಚ್ ಹಾಕಿದ ಮೇಲೂ ತೊಂದರೆ ಉಳಿದರೆ ಕಾರಣ ಹೆಚ್ಚಾಗಿ ಎರಡರಲ್ಲೊಂದು: ಸ್ವಿಚ್‌ಗೆ ಅರ್ಥಿಂಗ್ ಸಿಗುತ್ತಿಲ್ಲ, ಇಲ್ಲವೇ ಪಿನ್ನಿನ ಉದ್ದ ಆ ಬಾಗಿಲಿಗೆ ಹೊಂದುತ್ತಿಲ್ಲ.

ಆದ್ದರಿಂದ ಬಿಚ್ಚುವ ಮೊದಲು ತಪ್ಪು ಎಲ್ಲಿದೆ ಎಂದು ಖಚಿತ ಮಾಡಿಕೊಳ್ಳಿ. ಒಂದು ಬಾಗಿಲಿಗೆ ದೀಪ ಹತ್ತಿ ಇನ್ನೊಂದಕ್ಕೆ ಹತ್ತದಿದ್ದರೆ ಬಲ್ಬ್, ಫ್ಯೂಸ್ ಸರಿಯಿವೆ. ಹತ್ತದ ಬದಿಯ ಸ್ವಿಚ್ ಅಥವಾ ಅದರ ವೈರ್ ನೋಡಿದರೆ ಸಾಕು. ಯಾವ ಬಾಗಿಲಿಗೂ ಹತ್ತದಿದ್ದರೆ ಮೊದಲು ದೀಪದ ಮೇಲಿನ ಗುಂಡಿ ನೋಡಿ. ಎಷ್ಟೋ ಕಾರುಗಳಲ್ಲಿ ಅದಕ್ಕೆ ಮೂರು ಸ್ಥಾನ: ಸದಾ ಉರಿ, ಆಫ್, ಬಾಗಿಲಿನ ಜೊತೆ. ಆಫ್‌ನಲ್ಲಿದ್ದರೆ ಡೋರ್ ಸ್ವಿಚ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಅದಾದ ಮೇಲೆ ಫ್ಯೂಸ್, ಬಲ್ಬ್. ದೀಪ ಆರುವುದೇ ಇಲ್ಲ ಎಂದಾದರೆ ಪಿನ್ ತುಕ್ಕಿಗೆ ಸಿಕ್ಕಿಕೊಂಡಿರಬಹುದು, ತುದಿ ಸವೆದು ಗಿಡ್ಡವಾಗಿರಬಹುದು, ಅಥವಾ ಕಂಬದೊಳಗೆ ವೈರಿನ ಸಿಪ್ಪೆ ಉಜ್ಜಿಹೋಗಿ ತಗಡಿಗೆ ತಾಗುತ್ತಿರಬಹುದು. ಸ್ವಿಚ್‌ನಿಂದ ವೈರ್ ಕಳಚಿದ ಮೇಲೂ ದೀಪ ಉರಿಯುತ್ತಿದ್ದರೆ ತಪ್ಪು ಆ ಸ್ವಿಚ್‌ನದ್ದಲ್ಲ.

ಇನ್ನೊಂದು ಪ್ರಶ್ನೆಗೂ ಮೊದಲೇ ಉತ್ತರ ಬೇಕು: ಸ್ವಿಚ್ ಇರುವುದು ಅರ್ಥಿಂಗ್ ಬದಿಯಲ್ಲೋ, ಕರೆಂಟ್ ಬರುವ ಬದಿಯಲ್ಲೋ? ಒಂದೇ ವೈರ್ ಬಂದು, ಸ್ವಿಚ್‌ನ ಲೋಹದ ಮೈಯೇ ಅರ್ಥಿಂಗ್ ಕೊಡುವ ಪದ್ಧತಿ ಹೆಚ್ಚು ಸಾಮಾನ್ಯ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಈ ವೈರ್ ನೇರಳೆ ಬಣ್ಣದ ಮೇಲೆ ಬಿಳಿ ಗೆರೆಯದು. ಎರಡು ವೈರಿನ ಸ್ವಿಚ್ ಆಗಿದ್ದರೆ ಅನುಮಾನ ಇಟ್ಟುಕೊಳ್ಳಿ. ಕೆಲವು ಅಮೆರಿಕನ್ ಕಾರುಗಳಲ್ಲಿ ಸ್ವಿಚ್ ಕರೆಂಟಿನ ಬದಿಯಲ್ಲೇ ಇರುತ್ತದೆ. ಅಂಥ ವೈರನ್ನು ಪರೀಕ್ಷೆಗೆಂದು ಮೈಗೆ ತಾಗಿಸಿದರೆ ಫ್ಯೂಸ್ ಹೋಗುತ್ತದೆ. ಇಲ್ಲಿ ಮಲ್ಟಿಮೀಟರ್ ದಾರಿ ತಪ್ಪಿಸುತ್ತದೆ, ಏಕೆಂದರೆ ಎರಡೂ ಬಗೆಯಲ್ಲಿ ಪೂರ್ತಿ ಬ್ಯಾಟರಿ ವೋಲ್ಟೇಜನ್ನೇ ತೋರಿಸಬಹುದು. 5 ವ್ಯಾಟ್‌ನ ತಂತಿ ಬಲ್ಬಿನ ಟೆಸ್ಟ್ ಲ್ಯಾಂಪ್ ತೆಗೆದುಕೊಳ್ಳಿ. ಇನ್ನುಳಿದ ಬಾಗಿಲುಗಳನ್ನು ಮುಚ್ಚಿ, ಅದರ ಒಂದು ತುದಿಯನ್ನು ವೈರಿಗೆ, ಇನ್ನೊಂದನ್ನು ಕಾರಿನ ಬರಿಯ ಲೋಹಕ್ಕೆ ಹಿಡಿಯಿರಿ. ಒಳದೀಪವೂ ಟೆಸ್ಟ್ ಲ್ಯಾಂಪೂ ಎರಡೂ ಮಂಕಾಗಿ ಉರಿದರೆ ಸ್ವಿಚ್ ಅರ್ಥಿಂಗ್ ಬದಿಯದು, ವೈರೂ ಚೆನ್ನಾಗಿದೆ. ಟೆಸ್ಟ್ ಲ್ಯಾಂಪ್ ಒಂದೇ ಪ್ರಖರವಾಗಿ ಉರಿದರೆ ಅದು ಕರೆಂಟಿನ ಬದಿ. ಎಲ್‌ಇಡಿ ಟೆಸ್ಟ್ ಲ್ಯಾಂಪಿನಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ.

ಈಗ ಬ್ಯಾಟರಿಯ ಅರ್ಥಿಂಗ್ ಕೇಬಲ್ ಕಳಚಿ. ಸ್ವಿಚ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ: ಒಂದೇ ಸ್ಕ್ರೂನಲ್ಲಿ ನಿಲ್ಲುವುದು, ಬೋಲ್ಟಿನಂತೆ ತಿರುಗಿಸಿ ಕೂರಿಸುವುದು, ಒತ್ತಿ ಕೂರಿಸುವುದು. ಮಳೆನೀರು ಹರಿಯುವ ಜಾಗವಾದ್ದರಿಂದ ಸ್ಕ್ರೂ ತುಕ್ಕು ಹಿಡಿದೇ ಇರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಎರಡು ಹನಿ ಹಾಕಿ ಒಂದು ರಾತ್ರಿ ಬಿಡಿ. ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನು ಗಟ್ಟಿಯಾಗಿ ಒತ್ತಿ, ಮೊದಲು ಬಿಗಿಸುವ ದಿಕ್ಕಿಗೆ ಒಂದಿಷ್ಟು ಅಲುಗಿಸಿ, ಆಮೇಲೆ ಸಡಿಲಿಸಿ. ಒತ್ತಿ ಕೂರಿಸಿದ ಬಗೆಯನ್ನು ಎಬ್ಬುವಾಗ ಅಡಿಗೆ ಟೇಪ್ ಸುತ್ತಿದ ಚಪ್ಪಟೆ ಪ್ಲಾಸ್ಟಿಕ್ ತುಂಡು ಬಳಸಿದರೆ ಬಣ್ಣ ಉಳಿಯುತ್ತದೆ.

ಸ್ವಿಚ್ ಹೊರಬಂದ ಕೂಡಲೇ ವೈರಿಗೆ ಬಟ್ಟೆ ಕ್ಲಿಪ್ ಹಾಕಿ. ಇದನ್ನು ಮರೆಯಬೇಡಿ. ಟರ್ಮಿನಲ್ ಕಳಚಿದ ಕ್ಷಣಕ್ಕೆ ವೈರ್ ತೂತಿನೊಳಗೆ ಜಾರಿ ಕಂಬದ ಟೊಳ್ಳಿಗೆ ಬಿತ್ತೆಂದರೆ ಕಾಲಬದಿಯ ಪ್ಯಾನೆಲ್ ಬಿಚ್ಚಿ, ಕೊಕ್ಕೆ ಮಾಡಿದ ತಂತಿಯಲ್ಲಿ ಹುಡುಕಬೇಕಾಗುತ್ತದೆ. ವೈರಿನ ತುದಿ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸ ಟರ್ಮಿನಲ್ ಹಾಕಿ. ಗಿಡ್ಡವಾದರೆ 0.75 ಚದರ ಮಿ.ಮೀ. ವೈರಿನ ತುಂಡನ್ನು ಬೆಸೆದು, ಬಿಸಿಗೆ ಕುಗ್ಗುವ ಶ್ರಿಂಕ್ ಟ್ಯೂಬ್ ಏರಿಸಿ.

ಹಳೆಯ ಸ್ವಿಚ್ಚನ್ನು ಎಸೆಯುವ ಮೊದಲು ಒಮ್ಮೆ ಪರೀಕ್ಷಿಸಿ. ಪಿನ್ ಸಲೀಸಾಗಿ ಜಾರುತ್ತಿದ್ದು ತುದಿ ಸವೆಯದಿದ್ದರೆ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು 600 ನಂಬರಿನ ಎಮರಿ ಪೇಪರಿನಲ್ಲಿ ತಾಗುವ ಜಾಗ ಉಜ್ಜಿದರೆ ಎಷ್ಟೋ ಸಲ ಮತ್ತೆ ಜೀವ ಬರುತ್ತದೆ. ಗಟ್ಟಿ ಹಿತ್ತಾಳೆಯ ಮೂಲ ಸ್ವಿಚ್, ತೆಳು ತಗಡಿನ ನಕಲಿಗಿಂತ ಎಷ್ಟೋ ಮೇಲು.

ಹೊಸದನ್ನು ಕೂರಿಸುವ ಮೊದಲು ತೂತಿನ ಸುತ್ತ ನೋಡಿ. ಹೊಸದಾಗಿ ಬಣ್ಣ ಹೊಡೆಸಿದ ಕಾರುಗಳಲ್ಲಿ ಸ್ವಿಚ್ ಕೆಲಸ ಮಾಡದಿರುವುದಕ್ಕೆ ಆ ಬಣ್ಣವೇ ಕಾರಣವಾಗುವುದು ಹೆಚ್ಚು: ಪೇಂಟ್ ಲೋಹವನ್ನು ಪೂರ್ತಿ ಮುಚ್ಚಿ ಅರ್ಥಿಂಗ್ ತಡೆಯುತ್ತದೆ. ಸ್ವಿಚ್‌ನ ಚಾಚುಪಟ್ಟಿಯ (ಕಂಬದ ಮೇಲೆ ಕೂರುವ ಚಪ್ಪಟೆ ಅಂಚಿನ) ಅಡಿಗೆ ಮರೆಯಾಗುವಷ್ಟು ಜಾಗದಲ್ಲಿ, ಸ್ಕ್ರೂ ತೂತಿನ ಅಂಚಿನಲ್ಲಿ ಮಾತ್ರ ಬಣ್ಣ ಕೆರೆದು ಲೋಹ ತೋರಿಸಿ. ಹಲ್ಲಿನ ವಾಷರ್ ಹಾಕಿ ಸ್ಕ್ರೂ ಬಿಗಿಸಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಸವರಿದರೆ ಕೆರೆದಲ್ಲಿ ತುಕ್ಕು ಏರುವುದಿಲ್ಲ. ಬಣ್ಣ ಕೆರೆಯಲು ಮನಸ್ಸಿಲ್ಲದಿದ್ದರೆ ಸ್ವಿಚ್‌ನ ಮೈಯಿಂದ ಪ್ರತ್ಯೇಕ ಅರ್ಥಿಂಗ್ ವೈರ್ ಎಳೆದು ಡ್ಯಾಶ್‌ಬೋರ್ಡ್ ಕೆಳಗಿನ ಬೋಲ್ಟಿಗೆ ಕಟ್ಟಿ. ರಬ್ಬರ್ ಟೋಪಿ ಇದ್ದ ಕಾರಿಗೆ ಹೊಸ ಟೋಪಿ ಹಾಕಲೇಬೇಕು. ಇಲ್ಲದಿದ್ದರೆ ಆ ತೂತಿನಿಂದಲೇ ಕಂಬದೊಳಗೆ ನೀರಿಳಿಯುತ್ತದೆ.

ಇನ್ನು ಪಿನ್ನಿನ ಉದ್ದ. ಚಾಚುಪಟ್ಟಿಯಿಂದ ತುದಿಯವರೆಗೆ ಹಳೆಯದು, ಹೊಸದು ಎರಡನ್ನೂ ಅಳೆಯಿರಿ. ಒತ್ತದೆ ಒಮ್ಮೆ, ಪೂರ್ತಿ ಒತ್ತಿ ಒಮ್ಮೆ. ಹಳೆಯದು ಸವೆದಿದ್ದರೆ ಅಳತೆಯನ್ನು ಬಾಗಿಲಿನಿಂದಲೇ ಪಡೆಯಿರಿ: ಸ್ವಿಚ್ ಹಾಕದೆ, ಪಿನ್ ತಾಗುವ ಜಾಗದಲ್ಲಿ ಮಕ್ಕಳ ಆಟದ ಕ್ಲೇ ಉಂಡೆ ಅಂಟಿಸಿ ಬಾಗಿಲು ಮುಚ್ಚಿ ತೆರೆದರೆ, ಒತ್ತಿಹೋದ ಉಂಡೆಯ ದಪ್ಪವೇ ಎಡೆ. ಪೂರ್ತಿ ಒತ್ತಿದ ಪಿನ್ ಅದಕ್ಕಿಂತ 1–2 ಮಿ.ಮೀ. ಗಿಡ್ಡ ಇರಬೇಕು. ಉದ್ದವಾದರೆ ಬಾಗಿಲು ಕೂರುವುದಿಲ್ಲ, ಬಲವಂತ ಮಾಡಿದರೆ ಸ್ವಿಚ್ ಒಡೆಯುತ್ತದೆ, ಇಲ್ಲವೇ ಬಾಗಿಲಿನ ತಗಡು ತಗ್ಗಾಗುತ್ತದೆ. ನೈಲಾನ್ ತುದಿಯನ್ನು ಅರದಿಂದ ಅರ್ಧರ್ಧ ಮಿ.ಮೀ. ಇಳಿಸುತ್ತಾ ಹೋಗಬಹುದು. ತುದಿಗೆ ಸೀಮೆಸುಣ್ಣ ಹಚ್ಚಿ, ಮೊದಲ ಸಲ ಬಾಗಿಲನ್ನು ನಿಧಾನವಾಗಿ ಕೈಯಲ್ಲೇ ತಳ್ಳಿ. ಬಾಗಿಲ ಮೇಲೆ ಚುಕ್ಕೆ ಮೂಡಿದರೆ ಸರಿ. ಗೀರು ಮೂಡಿದರೆ ಪಿನ್ ಅಡ್ಡ ಉಜ್ಜುತ್ತಿದೆ, ಬೇಗ ಮುರಿಯುತ್ತದೆ. ಸ್ವಿಚ್ ಓರೆಯಾಗಿದೆಯೇ, ಬಾಗಿಲಿನ ಕೀಲು ಸವೆದಿದೆಯೇ ನೋಡಿ.

ಬ್ಯಾಟರಿಯ ಕೇಬಲ್ ಮತ್ತೆ ಜೋಡಿಸಿ, ಬಾಗಿಲು ಮುಚ್ಚಿದಾಗ ದೀಪ ನಿಜಕ್ಕೂ ಆರಿತೇ ಎಂಬುದನ್ನು ಕತ್ತಲಲ್ಲಿ ಹೊರಗಿನಿಂದ ಕಿಟಕಿಯಲ್ಲಿ ಇಣುಕಿ ಖಾತ್ರಿ ಮಾಡಿಕೊಳ್ಳಿ. 12 ವೋಲ್ಟಿನಲ್ಲಿ 5 ವ್ಯಾಟ್ ಬಲ್ಬ್ ಸುಮಾರು 0.42 ಆಂಪಿಯರ್ ಎಳೆಯುತ್ತದೆ, ಅಂದರೆ ದಿನಕ್ಕೆ 10 ಆಂಪಿಯರ್-ಗಂಟೆ. 40 ಆಂಪಿಯರ್-ಗಂಟೆಯ ಬ್ಯಾಟರಿ ನಾಲ್ಕೇ ದಿನಕ್ಕೆ ಬರಿದು. ತಂತಿ ಬಲ್ಬಿನ ಬದಲು ಎಲ್‌ಇಡಿ ಹಾಕಿದ್ದರೆ ಇನ್ನೆರಡು ವಿಷಯ ಗಮನಿಸಿ. ಪಾಸಿಟಿವ್ ಅರ್ಥಿಂಗ್ ಇರುವ, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಮೈಗೆ ಜೋಡಿಸಿರುವ ಹಳೆಯ ಕಾರುಗಳಲ್ಲಿ ಧ್ರುವ ತಿರುವುಮುರುವಾಗಿ ಎಲ್‌ಇಡಿ ಹತ್ತದೇ ಇರಬಹುದು. ಸಾಧ್ಯವಾದರೆ ಬಲ್ಬನ್ನು ತಿರುಗಿಸಿ ಹಾಕಿ. ಬಾಗಿಲು ಮುಚ್ಚಿದ ಮೇಲೂ ಅದು ಮಿಣಮಿಣ ಎನ್ನುತ್ತಿದ್ದರೆ ಸ್ವಿಚ್‌ನಲ್ಲಿ ತೇವ ಕೂತು ಅತ್ಯಲ್ಪ ಕರೆಂಟ್ ಸೋರುತ್ತಿದೆ; ತಂತಿ ಬಲ್ಬಿನಲ್ಲಿ ಅದು ಕಾಣುತ್ತಲೇ ಇರಲಿಲ್ಲ. ಬಿಚ್ಚಿ, ಒರೆಸಿ, ಒಣಗಿಸಿ, ಟೋಪಿ ಹಾಕಿ ಮತ್ತೆ ಕೂರಿಸಿ.